ಯಾವಾಗ ಬೇಕಾದರೂ ಬನ್ನಿ

ನಮ್ಮ ಜಿಲ್ಲೆಯಲ್ಲಿ ಆಟಿಸಂ ಇರುವವರಿಗಾಗಿ ಒಂದು ಕೂಟವನ್ನು ಹುಡುಕಿಕೊಂಡು ಹೊರಟವರಿಗೆ ಕೂಟ ಸಿಗುತ್ತದೆಯೋ ಇಲ್ಲವೋ ಹೇಳಲಾರೆ. ನಗುವುದಕ್ಕೊಂದು ಪ್ರಸಂಗವಂತೂ ಹೋದ ಊರಿನಲ್ಲೆಲ್ಲ ತಪ್ಪದೆ ಸಿಗುತ್ತದೆ.

ಮೊದಲು ವಿಷಯ. ನಾನು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿದ್ದು ನಿವೃತ್ತಳಾದವಳು. ವಾಸ ಹೊಳೆನರಸೀಪುರ. ತಂಗಿಯ ಮಗ ನನ್ನ ಜೊತೆಗಿದ್ದಾನೆ, ವಯಸ್ಸು ಇಪ್ಪತ್ತನಾಲ್ಕು. ಅವನಿಗೆ ಆಟಿಸಂ ಇದೆ. ಅದು ರೋಗವಲ್ಲ, ಮನಸ್ಸು ಕೆಲಸ ಮಾಡುವ ರೀತಿ ಬೇರೆ, ಅಷ್ಟೆ. ಅವನಿಗೆ ಗದ್ದಲ ಆಗದು. ಮುಖ ನೋಡಿ ಮಾತನಾಡುವುದು ಕಷ್ಟ. ಮುಖ್ಯವಾಗಿ, ಯಾರು ಏನು ಹೇಳಿದರೂ ಅವರು ಅದನ್ನೇ ಹೇಳಿದರು ಎಂದು ನಂಬುತ್ತಾನೆ. ಹಾಸ್ಟೆಲ್ಲಿನಲ್ಲಿ ಈ ಗುಣವನ್ನು ನಾನು ಶಿಸ್ತು ಎನ್ನುತ್ತಿದ್ದೆ. ಊರಿನವರು ಕೊರತೆ ಎನ್ನುತ್ತಾರೆ.

ಒಂದು ಸಂಜೆ ಒಣಗಿದ ಬಟ್ಟೆ ಮಡಿಸುತ್ತಿದ್ದಾಗ ಅವನು ಕೇಳಿದ: "ದೊಡ್ಡಮ್ಮ, ನನ್ನ ಹಾಗೆ ಇರುವವರು ಇನ್ನು ಯಾರಾದರೂ ಇದ್ದಾರಾ? ಇದ್ದರೆ ಅವರ ಜೊತೆ ಕುಳಿತುಕೊಳ್ಳಬೇಕು."

ಅವನು ಏನನ್ನೂ ಕೇಳುವವನಲ್ಲ. "ಹುಡುಕುತ್ತೇನೆ" ಎಂದೆ. ಎಂದ ಮೇಲೆ ಹುಡುಕಲೇಬೇಕಾಯಿತು. ಅವನು ನಂಬಿಬಿಟ್ಟಿದ್ದ.

ಈಗ ಬರುತ್ತಾರೆ

ಕ್ರಮ ತಪ್ಪಬಾರದೆಂದು ಮೊದಲು ಒಂದು ಸರ್ಕಾರಿ ಕಚೇರಿಗೆ ಹೋದೆವು. ಬಾಗಿಲಲ್ಲಿದ್ದ ಅಟೆಂಡರ್ ಬಹಳ ಆದರದಿಂದ ಬೆಂಚು ತೋರಿಸಿದ.

"ಸಾಹೇಬ್ರು ಈಗ ಬಂದ್ಬುಡ್ತಾರೆ ಕಣಮ್ಮ, ಕೂತ್ಕಳಿ."

ಕುಳಿತೆವು. ಊಟದ ಹೊತ್ತಾಯಿತು. ಅಟೆಂಡರ್ ಊಟ ಮುಗಿಸಿ ಬಂದ. ಹುಡುಗ ಎದ್ದು ಹೋಗಿ ಅವನ ಮೇಜಿನ ಮುಂದೆ ನಿಂತ.

"ಸಾರ್, ಈಗ ಬರುತ್ತಾರೆ ಎಂದಿರಿ. ಬಂದಿಲ್ಲ."

"ಬತ್ತಾರೆ ಕಣಪ್ಪ, ದಾರೀಲವ್ರೆ."

"ಯಾವ ದಾರಿಯಲ್ಲಿ?"

ಅಟೆಂಡರ್ ನನ್ನ ಮುಖ ನೋಡಿದ. ನಾನೂ ಅವನ ಮುಖವನ್ನೇ ನೋಡಿದೆ. ಅದು ನನಗೂ ತಿಳಿಯಬೇಕಾಗಿತ್ತು.

"ಬೆಂಗ್ಳೂರ್ ದಾರೀಲಿ" ಎಂದ ಕೊನೆಗೆ. "ಮೀಟಿಂಗ್‌ಗೆ ಓಗವ್ರೆ. ನಾಳಿದ್ದು ಬತ್ತಾರೆ."

"ಹಾಗಾದರೆ ಈಗ ಎಂದು ಏಕೆ ಹೇಳಿದಿರಿ?" ಹುಡುಗನ ದನಿಯಲ್ಲಿ ಸಿಟ್ಟಿರಲಿಲ್ಲ, ಜಿಜ್ಞಾಸೆಯಿತ್ತು.

ಅಟೆಂಡರ್ ನಿಜವಾಗಿಯೂ ಯೋಚಿಸಿದ. "ಬಂದೋರ್ಗೆ ಬೇಜಾರಾಗ್ಬಾರ್ದು ಅಂತ ಅಂಗ್ ಏಳೋದು ಕಣಪ್ಪ. ಸರ್ವೀಸಿಗ್ ಸೇರ್ದಾಗ್ಲಿಂದ ಅಂಗೇ ಏಳ್ತಾ ಬಂದಿವ್ನಿ. ಯಾವ ದಾರಿ ಅಂತ ಕೇಳ್ದೋನು ನೀನೊಬ್ನೇ ನೋಡು."

ಮೂರನೆಯ ದಿನ ಮತ್ತೆ ಹೋದೆವು. ಸಾಹೇಬರಿದ್ದರು. ನಾನು ಹೇಳಿದ್ದನ್ನು ತಾಳ್ಮೆಯಿಂದ ಕೇಳಿದರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ತೀರ್ಪು ಕೊಟ್ಟರು.

"ಅಂಥ ಸಂಘ ಯಾವುದೂ ಇಲ್ಲಮ್ಮ. ನೀವೇ ಒಂದು ಮಾಡಿ. ಮಾಡಿದ ಮೇಲೆ ನಮಗೆ ತಿಳಿಸಿ. ಯಾರಾದ್ರೂ ಕೇಳ್ಕೊಂಡು ಬಂದ್ರೆ, ಇದೆ ಅಂತ ಹೇಳ್ತೀವಿ."

ಕಣ್ಣಲ್ಲಿ ಕಣ್ಣಿಟ್ಟು

ಹಾಸನದಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ಸಾಮಾಜಿಕ ಕೌಶಲಗಳನ್ನು ಕಲಿಸುತ್ತಾರೆಂದು ಯಾರೋ ಹೇಳಿದರು. ಹೋದೆವು. ತರಬೇತುದಾರರಿಗೆ ಮೂವತ್ತರ ಆಸುಪಾಸು. ಕೋಟು ಹಾಕಿದ್ದರು, ಫ್ಯಾನ್ ಇರಲಿಲ್ಲ.

"ಮೊದಲ್ನೇ ಪಾಠ" ಎಂದರು. "ಎದುರಿಗಿರೋರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ಬೇಕು." ಇದನ್ನು ಮೊಬೈಲ್ ನೋಡುತ್ತ ಹೇಳಿದರು. "ಎರಡ್ನೇದು, ಬೇರೆಯವರು ಹೇಳೋದನ್ನ ಪೂರ್ತಿ ಕೇಳಿಸ್ಕೊಬೇಕು." ಹುಡುಗ ಏನೋ ಹೇಳಲು ಬಾಯಿ ತೆರೆದ. "ಆಮೇಲ್ ಹೇಳು, ಆಮೇಲ್ ಹೇಳು" ಎಂದು ಮೂರನೆಯದಕ್ಕೆ ಹೋದರು.

ಮೂರನೆಯದು, ಅಪರಿಚಿತರೊಡನೆ ಮಾತು ಬೆಳೆಸುವ ಕಲೆ. ಯಾವ ಊರು, ಏನು ಕೆಲಸ, ಸಂಬಳ ಎಷ್ಟು, ಮದುವೆ ಆಯಿತೆ, ಇಲ್ಲವಾದರೆ ಯಾಕಿಲ್ಲ. ಬಸ್ಸಿನಲ್ಲಿ ಪಕ್ಕದವರನ್ನು ಇಷ್ಟು ಕೇಳಿದರೆ ಸಾಕು, ಸ್ನೇಹ ತಾನಾಗಿ ಆಗುತ್ತದಂತೆ.

"ಅರಕಲಗೂಡು ಬಸ್ಸಿನಲ್ಲಿ ನನ್ನನ್ನು ಇದನ್ನೆಲ್ಲ ಕೇಳುತ್ತಾರೆ ಸಾರ್" ಎಂದ ಹುಡುಗ. "ಕೇಳಿದವರು ಯಾರೂ ಸ್ನೇಹಿತರಾಗಲಿಲ್ಲ. ನಾನು ಸೀಟು ಬಿಟ್ಟು ಹಿಂದೆ ಹೋಗಿ ನಿಂತುಕೊಂಡೆ."

ತರಬೇತುದಾರರು ನಕ್ಕರು. ತರಗತಿ ಮುಗಿಯುವಾಗ ಒಂದು ಅಚಾತುರ್ಯ ಮಾಡಿದರು. "ನನ್ನ ಕ್ಲಾಸ್ ಹೇಗಿತ್ತು? ಸಂಕೋಚ ಬೇಡ. ಬಿಚ್ಚು ಮನಸ್ಸಿನಿಂದ ಹೇಳ್ಬೇಕು" ಎಂದರು.

ಹುಡುಗ ಹೇಳಿದ. ಆರಂಭದಿಂದ ಆರಂಭಿಸಿ, ಒಂದನ್ನೂ ಬಿಡದೆ, ಕ್ರಮವಾಗಿ ಹೇಳಿದ. ಕೋಟಿನ ವಿಷಯವೂ ಬಂತು. ಕೆಳಗೆ ಬೇಕರಿಯವರು ಎರಡನೆಯ ಸಲ ಬನ್ ಇಳಿಸಿದ ವಾಸನೆ ಬಂದಾಗ ಮುಗಿಸಿದ.

ಮೆಟ್ಟಿಲವರೆಗೆ ಬಂದ ತರಬೇತುದಾರರು ನನ್ನ ಕಿವಿಯ ಬಳಿ ಪಿಸುಗುಟ್ಟಿದರು: "ಮೇಡಂ, ಇನ್ನೂ ಬಹಳ ಟ್ರೈನಿಂಗ್ ಬೇಕು."

"ನಿಜ" ಎಂದೆ. "ಅವನ ಅಭಿಪ್ರಾಯವೂ ಅದೇ. ನೀವು ಕಷ್ಟಪಟ್ಟರೆ ಸುಧಾರಿಸುತ್ತೀರಿ."

ಖಚಿತವಾದ ಔಷಧಿ

ಕಟ್ಟಾಯದ ಹತ್ತಿರ ನೆಂಟರ ಮನೆಯಲ್ಲಿ ನಾಮಕರಣ. ಹಿರಿಯ ನೆಂಟರೊಬ್ಬರು ಎಲೆ ಅಡಿಕೆ ಹಾಕಿಕೊಂಡು ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

"ಸುಮ್ಕೆ ಯಾಕವ್ವ ಊರೂರು ಅಲೀತೀಯೆ? ಒಂದ್ ಮದ್ವೆ ಮಾಡ್ಬುಡು. ಎಲ್ಲಾ ಸರಿಯೋಯ್ತದೆ."

ಹುಡುಗ ಅಲ್ಲೇ ಇದ್ದ. ಮಾಹಿತಿಯೆಂದರೆ ಅವನಿಗೆ ಗೌರವ. "ಏನೇನು ಸರಿಹೋಗುತ್ತದೆ ಮಾವ?" ಎಂದ.

"ಎಲ್ಲಾನೂವೆ ಕಣ್ಲಾ. ನಾಕ್ ಜನದ್ ಜತೆ ಬೆರೆಯೋದು, ಇನ್ನೊಬ್ರು ಮನ್ಸು ಅರ್ಥ ಮಾಡ್ಕಳೋದು, ಏಳಿದ್ ಮಾತ್ ಕೇಳೋದು, ಎಲ್ಲಾ ತಂತಾನೇ ಬಂದ್ಬುಡ್ತದೆ."

"ನಿಮಗೆ ಬಂತಾ ಮಾವ?"

ಮಾವ ಎಲೆ ಅಡಿಕೆ ಉಗಿದು ಬಂದು ಉತ್ತರಿಸಲು ಎದ್ದರು. ಅಷ್ಟರಲ್ಲಿ ಬಡಿಸುವ ಬಕೆಟ್ ಹಿಡಿದು ನಿಂತಿದ್ದ ಅವರ ಹೆಂಡತಿಯೇ ಉತ್ತರ ಕೊಟ್ಟಾಗಿತ್ತು:

"ನಾನ್ ಇನ್ನೂವೆ ಕಾಯ್ತಾ ಕುಂತಿವ್ನಿ ಕಂದ!"

ಗುಂಪಿನ ನಿಯಮ

ಚನ್ನರಾಯಪಟ್ಟಣದ ಕಡೆಯವರು ಯಾರೋ ನಡೆಸುವ ವಾಟ್ಸಾಪ್ ಗುಂಪೊಂದು ಸಿಕ್ಕಿತು. ಆಟಿಸಂ ಇರುವವರಿಗೆ, ಅವರ ಮನೆಯವರಿಗೆ ಪರಸ್ಪರ ಬೆಂಬಲ ಕೊಡಲೆಂದೇ ಮಾಡಿದ ಗುಂಪು. ಹುಡುಗ ಸೇರಿಕೊಂಡ. ನಿಯಮಾವಳಿಯನ್ನು ಓದಿದ. ಗುಂಪಿನಲ್ಲಿ ಅದನ್ನು ಓದಿದವನು ಅವನೊಬ್ಬನೇ ಎಂದು ನನ್ನ ಊಹೆ. "ವಿಷಯಕ್ಕೆ ಸಂಬಂಧಿಸಿದ್ದನ್ನು ಮಾತ್ರ ಹಾಕತಕ್ಕದ್ದು" ಎಂದಿತ್ತು.

ಬೆಳಗಾದರೆ ಗುಲಾಬಿ ಹೂವಿನ ಶುಭೋದಯ. ಮಧ್ಯಾಹ್ನ ಬೈಪಾಸ್ ಪಕ್ಕದ ಸೈಟು ಮಾರಾಟಕ್ಕಿದೆ. ಸಂಜೆ ಕೊಬ್ಬರಿ ಧಾರಣೆ. ನಡುನಡುವೆ ಯಾರದೋ ತಾತನ ನಿಧನ, ಅದಕ್ಕೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು.

ಹುಡುಗ ಒಂದು ವಾರ ನೋಡಿದ. ಆಮೇಲೆ ವಿಷಯಕ್ಕೆ ಸಂಬಂಧಿಸಿದ್ದನ್ನು ಹಾಕಿದ: "ನನಗೆ ಆಟಿಸಂ ಇದೆ. ಇನ್ನು ಯಾರಿಗೆ ಇದೆ?"

ಬಹಳ ಹೊತ್ತಿನ ಮೇಲೆ ಒಬ್ಬರು, ಅಭ್ಯಾಸಬಲದಿಂದ ಇರಬೇಕು, "ಓಂ ಶಾಂತಿ" ಎಂದು ಹಾಕಿದರು. ಒಬ್ಬರು ಹಾಕಿದ ಮೇಲೆ ಉಳಿದವರು ಹಿಂದೆ ಬೀಳಲಾದೀತೆ? ಓಂ ಶಾಂತಿ, ಓಂ ಶಾಂತಿ. ಕೈಮುಗಿದ ಚಿತ್ರಗಳು. "ಮನೆಯವರಿಗೆ ದುಃಖ ಭರಿಸುವ ಶಕ್ತಿ ಸಿಗಲಿ" ಎಂದು ಒಬ್ಬರು.

ಹುಡುಗ ಉತ್ತರ ಬರೆದ: "ನಾನು ಸತ್ತಿಲ್ಲ. ಮುದ್ದೆ ತಿನ್ನುತ್ತಿದ್ದೇನೆ."

ನಿಯಮ ಉಲ್ಲಂಘನೆಗಾಗಿ ಅವನನ್ನು ಗುಂಪಿನಿಂದ ತೆಗೆದರು.

ಅಂದು ಅವನು ಮುದ್ದೆ ಪೂರ್ತಿ ತಿನ್ನಲಿಲ್ಲ. ತಟ್ಟೆ ಸರಿಸಿ, "ಯಾರೂ ಇಲ್ಲ ದೊಡ್ಡಮ್ಮ" ಎಂದ. ನಾನು ತಟ್ಟೆ ಮುಚ್ಚಿಟ್ಟೆ.

ಮಾರನೆಯ ಬೆಳಿಗ್ಗೆ ಅವನ ಮೊಬೈಲಿಗೆ ಬೇರೆಯಾಗಿ ಒಂದು ಸಂದೇಶ ಬಂದಿತ್ತು. ಚನ್ನರಾಯಪಟ್ಟಣದ ಹುಡುಗಿ. "ಮುದ್ದೆ ಓದಿ ನಗು ಬಂತು. ನನಗೂ ಇದೆ." ಮಧ್ಯಾಹ್ನ ಅರಕಲಗೂಡಿನ ಒಬ್ಬ ಯುವಕನದು. ಸಂಜೆ ಹಾಸನದ ಒಬ್ಬ ಯುವತಿಯದು. ಗುಂಪಿಗೆ ಸೇರಿದ್ದರಿಂದ ಆಗದ ಕೆಲಸ ಗುಂಪಿನಿಂದ ಹೊರಹಾಕಿಸಿಕೊಂಡದ್ದರಿಂದ ಆಯಿತು.

ತೆರೆದ ಬಾಗಿಲು

ನಾಲ್ವರಾದರು. ಕುಳಿತುಕೊಳ್ಳಲು ಜಾಗವಿಲ್ಲ. ಹಾಸನವಾದರೆ ಎಲ್ಲ ಕಡೆಯಿಂದಲೂ ಬಸ್ಸಿದೆಯೆಂದು ಅಲ್ಲೇ ಹುಡುಕಿದೆವು. ಪಾರ್ಕಿನಲ್ಲಿ ಧ್ವನಿವರ್ಧಕ. ಒಂದು ಹೋಟೆಲ್ಲಿನಲ್ಲಿ ಕಾಫಿ ಮುಂದಿಟ್ಟುಕೊಂಡು ನಾಲ್ವರೂ ಮಾತಿಲ್ಲದೆ ಕುಳಿತರು. ಅವರಿಗೆ ಅದೇ ಸುಖ. ಹೋಟೆಲ್ಲಿನ ಯಜಮಾನ ನನ್ನನ್ನು ಪಕ್ಕಕ್ಕೆ ಕರೆದ. "ಗಲಾಟೆ ಮಾಡೋರ್ನ ಸುಧಾರಿಸ್ಬೌದು ಕಣಮ್ಮ. ಇಂಗೆ ಸುಮ್ಕೆ ಕುಂತ್ರೆ ಗಿರಾಕಿಗಳು ಎದ್ರುಕೊಳ್ತಾರೆ."

ಇಂಥ ಸಮಯದಲ್ಲಿ ಹಾಸನದಲ್ಲಿ ಆಟಿಸಂ ಜಾಗೃತಿ ಕಾರ್ಯಕ್ರಮ ನಡೆಯಿತು. ಗದ್ದಲ ಸಹಿಸಲಾರದವರ ಬಗ್ಗೆ ಜಾಗೃತಿ ಮೂಡಿಸಲು ಡೊಳ್ಳಿನವರನ್ನು ಕರೆಸಿದ್ದರು. ನಾಲ್ವರೂ ಕಿವಿ ಮುಚ್ಚಿಕೊಂಡು ಕುಳಿತರು. ಮುಖ್ಯ ಅತಿಥಿಗಳು ಊರಿನ ದೊಡ್ಡ ಮನುಷ್ಯರು. ಇಂಥ ವೇದಿಕೆಗಳೆಲ್ಲ ಅವರವೇ. ಕಿವಿ ಮುಚ್ಚಿಕೊಂಡವರನ್ನು ಕಂಡು ಅವರಿಗೆ ಗಂಟಲು ತುಂಬಿ ಬಂತು, ಕೈ ಎತ್ತಿದರು.

"ಇವ್ರು ನನ್ ಮಕ್ಕಳಿದ್ದಂಗೆ! ನನ್ ಮನೆ ಬಾಗ್ಲು ಇವ್ರಿಗೆ ಸದಾ ತೆರೆದಿರ್ತದೆ! ಯಾವಾಗ ಬೇಕಾದ್ರೂ ಬನ್ನಿ! ಊಟ ಮಾಡ್ಕೊಂಡೇ ಹೋಗ್ಬೇಕು!"

ಚಪ್ಪಾಳೆ. ಮತ್ತೆ ಡೊಳ್ಳು.

ಮುಂದಿನ ಭಾನುವಾರ ಬೆಳಿಗ್ಗೆ ಹುಡುಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. "ಜಾಗ ಸಿಕ್ಕಿತು ದೊಡ್ಡಮ್ಮ. ಅವರೇ ಕರೆದರು. ಮೂವರಿಗೂ ತಿಳಿಸಿದ್ದೇನೆ."

ಅದು ಭಾಷಣದ ಮಾತು, ಹಾಗೆಲ್ಲ ಹೋಗಬಾರದು ಎಂದು ವಿವರಿಸುವುದು ನನ್ನ ಕರ್ತವ್ಯವಾಗಿತ್ತು. ಸ್ವಲ್ಪ ಯೋಚಿಸಿದೆ. ಕೊಡೆ ತೆಗೆದುಕೊಂಡು ಜೊತೆಗೆ ಹೊರಟೆ.

ದೊಡ್ಡ ಗೇಟು. ಹುಡುಗಿಯರಿಬ್ಬರೂ ಆಗಲೇ ಬಂದು ನಿಂತಿದ್ದರು. ಒಳಗೆ ದೊಡ್ಡ ಮನುಷ್ಯರು ಬನಿಯನ್ ಪಂಚೆಯಲ್ಲಿ ಪೇಪರ್ ಓದುತ್ತಿದ್ದರು.

"ಸಾರ್, ಬಾಗಿಲು ಮುಚ್ಚಿದೆ" ಎಂದ ಹುಡುಗ. "ಸದಾ ತೆರೆದಿರುತ್ತದೆ ಎಂದಿರಿ."

"ಯಾರಪ್ಪಾ ನೀವು?"

"ನಿಮ್ಮ ಮಕ್ಕಳು."

ಅದೇ ಕ್ಷಣಕ್ಕೆ ಅವರ ಹೆಂಡತಿ ಕಾಫಿ ಲೋಟ ಹಿಡಿದು ಹೊಸ್ತಿಲು ದಾಟಿದರು. ಲೋಟ ಅಲ್ಲೇ ನಿಂತಿತು.

"ರೀ, ಏನ್ರೀ ಇದು? ಎಷ್ಟ್ ಜನ ಅವ್ರೆ?"

ಪ್ರಶ್ನೆ ಕೇಳಿದರೆ ಉತ್ತರಿಸಬೇಕು. ಹುಡುಗ ಉತ್ತರಿಸಿದ. "ಸದ್ಯ ಇಲ್ಲಿ ಮೂವರಿದ್ದೇವೆ ಅಮ್ಮ. ಅರಕಲಗೂಡಿನವರು ಬಸ್ಸಿನಲ್ಲಿ ಬರುತ್ತಿದ್ದಾರೆ."

"ಅರ್ಕಲ್ಗೂಡ್ನಾಗೂನಾ!" ಎಂದರು ಆ ತಾಯಿ.

ಇಂಥ ಸಂದರ್ಭದಲ್ಲಿ ವಿಷಯವನ್ನು ಕ್ರಮವಾಗಿ ವಿವರಿಸುವುದು ವಾರ್ಡನ್ ಕೆಲಸ. ವಿವರಿಸಿದೆ. ಕೊಂಚ ನಿಧಾನವಾಗಿಯೇ ವಿವರಿಸಿದೆ. ಮನೆಯೊಡೆಯರ ಹಣೆಯಲ್ಲಿ ಅಷ್ಟು ಬೆವರು ವೇದಿಕೆಯ ಮೇಲೂ ಬಂದಿರಲಾರದು.

ಆ ತಾಯಿಗೆ ನಗು ಬಂತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಹಡಿಯ ಹಾಲ್ ತೆರೆದುಕೊಟ್ಟರು. ಅರಕಲಗೂಡಿನವನೂ ಬಂದು ಸೇರಿದ ಮೇಲೆ ನಾಲ್ವರೂ ನಾಲ್ಕು ಮೂಲೆ ಹಿಡಿದರು. ಬಹಳ ಹೊತ್ತು ಮಾತಿಲ್ಲ. ಅಕ್ಕಿ ರೊಟ್ಟಿ ತಂದ ಆಕೆ ಗಾಬರಿಯಾದರು. "ಜಗಳ ಆಡ್ಕಂಡ್ರಾ?"

"ಇಲ್ಲ" ಎಂದೆ. "ಸಭೆ ನಡೆಯುತ್ತಿದೆ."

ಆಗ ಹುಡುಗ ಚನ್ನರಾಯಪಟ್ಟಣದ ಹುಡುಗಿಯನ್ನು ಕೇಳಿದ: "ಫ್ಯಾನಿನ ಸದ್ದು ನಿನಗೂ ಕೇಳಿಸುತ್ತಾ?"

"ಹೂಂ. ಆಗಿನಿಂದ."

ಅವನು ಎದ್ದು ಫ್ಯಾನ್ ಆರಿಸಿದ. ನಾಲ್ವರೂ ಒಟ್ಟಿಗೆ ಉಸಿರು ಬಿಟ್ಟರು. ನಾನು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡೆ, ಧೂಳಿತ್ತು.

ಹೊರಡುವಾಗ ಆ ತಾಯಿ ಗೇಟಿನವರೆಗೆ ಬಂದು, ಎಲ್ಲ ಮನೆಯವರೂ ಹೇಳುವಂತೆ, "ಆಗಾಗ ಬತ್ತಾ ಇರಿ" ಎಂದರು.

ಒಳಗಿನಿಂದ ಕೂಗು ಕೇಳಿಸಿತು: "ಲೇ, ಇವ್ರಿಗೆ ಅಂಗೆಲ್ಲಾ ಏಳ್ಬ್ಯಾಡ ಕಣೆ! ಬಂದ್ಬುಡ್ತಾರೆ!"

ತಡವಾಗಿತ್ತು. ಮುಂದಿನ ಭಾನುವಾರ ಹೋದೆವು. ಅದರ ಮುಂದಿನ ಭಾನುವಾರವೂ ಹೋದೆವು. ಮೊದಲು ಹೋಗಿದ್ದ ಸರ್ಕಾರಿ ಕಚೇರಿಗೆ, ಸಾಹೇಬರ ಅಪ್ಪಣೆಯಂತೆ, ಸಂಘ ಆಗಿದೆಯೆಂದು ತಿಳಿಸಿದೆ. ಕೇಳಿಕೊಂಡು ಬಂದ ಇನ್ನಿಬ್ಬರನ್ನು ಅವರು ಹೇಳಿದಂತೆಯೇ ಕಳಿಸಿಕೊಟ್ಟರು.

ಕಳೆದ ಭಾನುವಾರ ದೊಡ್ಡ ಮನುಷ್ಯರು ತಾವೇ ಗೇಟಿನವರೆಗೆ ಬಂದರು. ಕೈ ಎತ್ತಲಿಲ್ಲ, ಗಂಟಲು ತುಂಬಿಸಿಕೊಳ್ಳಲಿಲ್ಲ. ಒಂದೊಂದೇ ಮಾತನ್ನು ಅಳೆದು ಹೇಳಿದರು: "ಮುಂದಿನ ವಾರ ನಾನು ಊರಲ್ಲಿರಲ್ಲ. ಮನೆಯವಳು ಇರ್ತಾಳೆ. ಹತ್ತು ಗಂಟೆಗೆ ಬನ್ನಿ. ತಿಂಡಿ ಇದೆ, ಊಟ ಇಲ್ಲ. ಒಂದು ಗಂಟೆಗೆ ಹೊರಡಿ."

ಬಸ್ ನಿಲ್ದಾಣದ ದಾರಿಯಲ್ಲಿ ಹುಡುಗ ತೃಪ್ತಿಯಿಂದ ಹೇಳಿದ:

"ನೋಡಿದಿರಾ ದೊಡ್ಡಮ್ಮ? ಮೊದಲು ಅವರಿಗೆ ಸರಿಯಾಗಿ ಮಾತನಾಡುವುದಕ್ಕೇ ಬರುತ್ತಿರಲಿಲ್ಲ. ನಮ್ಮ ಸಂಘಕ್ಕೆ ಬಂದ ಮೇಲೆ ಎಷ್ಟೋ ಸುಧಾರಿಸಿದ್ದಾರೆ."