ಜಿನ್ನವ್ವ ಕೂತಳು, ಏಳಲಿಲ್ಲ

"ಶ್ರೀಮಂತರಿಗಂತ ಬ್ಯಾರೆ ಖೋಲಿ ಮಾಡ್ಯಾರಲ್ಲಾ, ಅದರ ಹೊಸ್ತಿಲಾ ಈ ಆದಿನಾಥ ಜನ್ಮದಾಗ ತುಳಿಯಂಗಿಲ್ಲ!"

ಹೆಗಲ ಮೇಲಿನ ಹಸಿರು ಟವೆಲ್ ಕೊಡವಿ, ಮುಂಬಯಿ ವಿಮಾನ ನಿಲ್ದಾಣದ ನಟ್ಟನಡುವೆ ನಾನು ಹೀಗೆ ಗರ್ಜಿಸಿದಾಗ ಸಂಜೆ ಐದೂವರೆ. ಕೇಳಿಸಿಕೊಂಡವಳು ನನ್ನ ಹೆಂಡತಿ ಜಿನ್ನವ್ವ ಒಬ್ಬಳೇ. ಆದರೂ ಸಭೆ ಸಭೆಯೇ!

ಗೋಕಾಕದ ತಹಶೀಲ್ದಾರ ಕಚೇರಿಯ ಮೆಟ್ಟಿಲು, ಮೂಡಲಗಿಯ ಕರೆಂಟಿನ ಆಫೀಸಿನ ಅಂಗಳ, ಹುಕ್ಕೇರಿಯ ಚೌಕದ ನಡುರಸ್ತೆ, ಈ ಮೂರೂ ಕಡೆ ನನ್ನ ಕುಂಡೆಯ ಅಚ್ಚು ಬಿದ್ದಿರಬೇಕು. ಅಷ್ಟು ಕೂತಿದ್ದೇನೆ. ಇಪ್ಪತ್ತೆರಡು ವರ್ಷ ಧರಣಿ ಕೂತವನನ್ನು ೨೦೦೩ರಲ್ಲಿ ದಿಲ್ಲಿಯ ಒಂದು ಸಂಸ್ಥೆ ಕಬ್ಬಿನ ದರದ ಚರ್ಚೆಗೆ ಪತ್ನೀಸಮೇತ ಕರೆಯಿತು. ಸಾದಾ ಸೀಟು ಖಾಲಿ ಇಲ್ಲವೆಂದು ಬಿಸಿನೆಸ್ ಕ್ಲಾಸಿನ ಟಿಕೆಟ್ ಕಳಿಸಿದರು. ಆ ಟಿಕೆಟ್ ಇದ್ದವರಿಗೆ ಲೌಂಜ್ ಎಂಬ ಖಾಸಾ ಕೋಣೆಗೂ ಪ್ರವೇಶ ಉಂಟಂತೆ. ಮೆತ್ತನೆಯ ಖುರ್ಚಿ, ಪುಕ್ಕಟೆ ತಿಂಡಿ! ವಿಮಾನದ ಸೀಟಿಗೆ ಇಲಾಜಿಲ್ಲ, ಆದರೆ ಲೌಂಜಿಗೆ ಬಹಿಷ್ಕಾರ ಎಂದು ನಮ್ಮೂರು ಮೇಲವಂಕಿ ಬಿಡುವ ಮೊದಲೇ ನಾನು ಠರಾವು ಪಾಸು ಮಾಡಿದ್ದೆ.

"ಬಹಿಷ್ಕಾರರ ಹಾಕ್ರಿ, ಬೆಂಕಿಯರ ಹಚ್ರಿ," ಎಂದಳು ಜಿನ್ನವ್ವ. "ಮೊದಲ ನನ್ನ ಬುತ್ತಿ ಚೀಲ ಕೊಡ್ರಿ. ಹೊತ್ತ ಇಳ್ಯಾಕತ್ತೈತಿ."

ಬುತ್ತಿ ಚೀಲ! ನನ್ನ ಎರಡೂ ಕೈ ಖಾಲಿ ಇದ್ದವು.

ವಿಷಯ ಹೀಗಿದೆ. ಅದು ನಮ್ಮ ಜೈನರ ದಶಲಕ್ಷಣ ಪರ್ವದ ಕಾಲ. ಜಿನ್ನವ್ವನದು ಏಕಾಶನದ ವ್ರತ. ದಿನಕ್ಕೆ ಒಂದೇ ಊಟ, ಅದೂ ಒಂದೇ ಸಲ ಕೂತು. ತುತ್ತು ಬಾಯಿಗಿಟ್ಟ ಮೇಲೆ ಕೂತಲ್ಲಿಂದ ಎದ್ದರೆ ಆ ದಿನದ ಊಟ ಅಲ್ಲಿಗೇ ಖಲಾಸ್. ಹೊತ್ತು ಮುಳುಗಿದ ಮೇಲಂತೂ ಹನಿ ನೀರೂ ಇಲ್ಲ. ಸಾಲದ್ದಕ್ಕೆ ಹಿಂದಿನ ದಿನ ಆಕೆ ಪೂರಾ ನಿರಾಹಾರ ಇದ್ದಳು. ಈವತ್ತು ಬೆಳಗಿನ ಜಾವ ಸಂಕೇಶ್ವರದಲ್ಲಿ ಬಸ್ಸು ಹತ್ತಿದ್ದೆವು. ಓಡುವ ಬಸ್ಸಿನಲ್ಲಿ ಮೆಟ್ಟು ಹಾಕಿಕೊಂಡು ಉಣ್ಣುವವಳಲ್ಲ ಅವಳು. ನಿಲ್ದಾಣ ಮುಟ್ಟಿ, ಕೈಕಾಲು ತೊಳೆದು, ನೆಮ್ಮದಿಯಿಂದ ಬುತ್ತಿ ಬಿಚ್ಚುವುದೆಂದು ಮಾತಾಗಿತ್ತು.

ಹೊರಡುವ ಮುನ್ನಾದಿನ ಘೋಡಗೇರಿಯಿಂದ ಬಂದಿದ್ದ ನಮ್ಮತ್ತೆ ಶೆಟ್ಟೆವ್ವ ನನ್ನನ್ನು ಬಾಗಿಲಲ್ಲಿ ಅಡ್ಡಗಟ್ಟಿದ್ದಳು. "ಅಳಿಯಂದ್ರ, ಹ್ವಾದ ವರ್ಷ ಎರಡ ದಿನಾ ಖಾಲಿ ಹೊಟ್ಟೀಲೆ ಇದ್ದು ಬಚ್ಚಲದಾಗ ಚಕ್ಕರ ಬಂದು ಬಿದ್ದಾಳ. ಡಾಕ್ಟರ ಮತ್ತೊಮ್ಮೆ ಹಿಂಗ ಆಗಬಾರದು ಅಂದಾನ. ನಾಳೆ ಹೊತ್ತ ಮುಳುಗೂದ್ರಾಗ ಆಕಿ ಊಟ ಆಗಬೇಕು, ನೋಡ್ರಿ."

ನಾನು ಎದೆ ತಟ್ಟಿಕೊಂಡಿದ್ದೆ. "ಅತ್ತಿ, ಹತ್ತ ಸಾವಿರ ಮಂದಿಗೆ ಮೋರ್ಚಾದಾಗ ಊಟಾ ಹಾಕ್ಸಿದಾಂವ ನಾ. ಒಬ್ಬಾಕಿಗೆ ಹಾಕ್ಸಾಕ ಆಗಂಗಿಲ್ಲೇನು?"

"ಚೀಲ ಎಲ್ಲೈತ್ರಿ?" ಜಿನ್ನವ್ವ ಮತ್ತೆ ಕೇಳಿದಳು.

"ಕೊಟ್ನೆಲ್ಲಾ."

"ಯಾರಿಗೆ?"

"ಆ ಟಿಕೀಟ ನೋಡಾಂವಗ. ಲಗೇಜ್ ಎಷ್ಟ ಐತಿ ಅಂತ ಕೇಳ್ದಾ. ಬಿಸಿನೆಸ್ ಕ್ಲಾಸಿನ ಮನಷಾ ಚೀಲ ಹೊತಗೊಂಡ ಅಡ್ಡಾಡ್ತಾನೇನ? ಎಲ್ಲಾ ತಗೋ ಅಂದೆ."

ಎಲ್ಲಾ ಅಂದರೆ ಎಲ್ಲಾ. ಆ ಪುಣ್ಯಾತ್ಮ ಬುತ್ತಿ ಚೀಲದ ಕಿವಿಗೂ ಒಂದು ಕಾಗದದ ಪಟ್ಟಿ ಅಂಟಿಸಿದ್ದ. ಖಡಕ್ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಮೂವರೂ ಮೆರವಣಿಗೆ ಹೊರಟು ರಬ್ಬರಿನ ಪರದೆಯ ಹಿಂದೆ ಮರೆಯಾದರು. ನಾನು ಅವರನ್ನು ಕೈಬೀಸಿ ಕಳಿಸಿದ್ದೆ, ದೇವರಾಣೆ!

"ನನ್ನ ಊಟಾ ವಿಮಾನದ ಹೊಟ್ಟಿಗೆ ಹಾಕಿ ಬಂದ್ರಿ," ಎಂದಳು ಆಕೆ. ಸಿಟ್ಟಿರಲಿಲ್ಲ, ಅದೇ ನನಗೆ ಹೆದರಿಕೆ. ತುಟಿ ಒಣಗಿದ್ದವು. ಕಂಬಕ್ಕೆ ಒಂದು ಕೈ ಕೊಟ್ಟು ನಿಂತಿದ್ದಳು.

ಕೌಂಟರಿಗೆ ಓಡಿದೆ. ಚೀಲ ಇನ್ನು ದಿಲ್ಲಿಯಲ್ಲೇ ಸಿಗುವುದು ಎಂದರು. ಅಂಗಡಿಗಳಿಗೆ ಓಡಿದೆ. ಎಲ್ಲಿ ನೋಡಿದರೂ ಬಟಾಟೆ ವಡೆ, ಉಳ್ಳಾಗಡ್ಡಿ ಸಮೋಸ. ಗಡ್ಡೆ ಗೆಣಸು ಮುಟ್ಟದವಳಿಗೆ ಇಡೀ ನಿಲ್ದಾಣದಲ್ಲಿ ಒಂದು ತುತ್ತಿಲ್ಲ! ಗಡಿಯಾರ ಆರು ತೋರಿಸುತ್ತಿತ್ತು. ಸೂರ್ಯ ಮುಳುಗುವುದು ಆರೂ ನಲವತ್ತೈದಕ್ಕೆ. ಉಳಿದದ್ದು ಒಂದೇ ಬಾಗಿಲು.

ತುಳಿದೆ. ಹೊಸ್ತಿಲನ್ನು ತುಳಿದೆ, ಅದೂ ಓಡುತ್ತ!

ಒಳಗೆ ಕೊರೆಯುವ ತಂಪು. ಮಾತಾಡುವವರೂ ಕಳ್ಳರ ಹಾಗೆ ಪಿಸುಗುಡುತ್ತಿದ್ದರು. ಜಿನ್ನವ್ವ ಕೈಕಾಲು ತೊಳೆದು ಬಂದು, ಪಶ್ಚಿಮದ ದೊಡ್ಡ ಕಿಟಕಿಯ ಎದುರಿನ ಖುರ್ಚಿಯನ್ನೇ ಆರಿಸಿದಳು. "ಇಲ್ಲಿಂದ ಹೊತ್ತ ಕಾಣತೈತಿ," ಎಂದಳು. ಖುರ್ಚಿಯ ಮುಂದಿನ ಮೇಜಿನ ಮೇಲೆ 'ರಿಸರ್ವ್ಡ್' ಎಂಬ ಚೀಟಿ ನಿಂತಿತ್ತು. ಗೋಕಾಕದ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದೇ ಬೆಳೆದವನು ನಾನು. ನಮ್ಮ ಕಡೆ ಟವೆಲ್ ಬೀಳದ ಸೀಟು ಯಾರದೂ ಅಲ್ಲ, ಚೀಟಿಗೀಟಿ ನಡೆಯುವುದಿಲ್ಲ. ಚೀಟಿಯನ್ನು ಬೋರಲು ಹಾಕಿ ಅದರ ಮೇಲೆ ಟವೆಲ್ ಹೊದಿಸಿದೆ. ಜಿನ್ನವ್ವ ಕೂತಳು.

ಇನ್ನು ನನ್ನ ಓಟ. ಮೊದಲು ಕಟ್ಲೆಟ್ ತಂದೆ.

"ಬಟಾಟಿ ಐತಿ."

ಕೇಕಿನ ತುಂಡು ತಂದೆ.

"ತತ್ತಿ ಹಾಕಿರತಾರ."

ಬಣ್ಣಬಣ್ಣದ ಹಸಿ ತರಕಾರಿ ತಂದೆ. ಬೆರಳಿನಿಂದ ಸರಿಸಿ ನೋಡಿದಳು. "ಗಜ್ಜರಿ, ಮೂಲಂಗಿ, ಬೀಟರೂಟ. ಭೂಮಿ ಒಳಗಿಂದೆಲ್ಲಾ ಆರಿಸಿ ತಂದೀರಿ. ಮೂವತ್ತ ವರ್ಷ ಸಂಸಾರ ಮಾಡಿ ನಾ ಏನ ಉಣ್ತೇನಿ ಅನ್ನೂದು ಗೊತ್ತಿಲ್ಲ, ಇಡೀ ದೇಶದ ರೈತರಿಗೆ ಏನ ಬೇಕು ಅನ್ನೂದು ಗೊತ್ತೈತಿ!"

ಆರೂ ಹದಿನೈದು. ಕೊನೆಗೆ ಬಾಳೆಹಣ್ಣು, ಸೇಬು, ಗೋಡಂಬಿ, ದ್ರಾಕ್ಷಿ, ಬಿಸಿ ಹಾಲು ಪಾಸಾದವು. ಆಕೆ ಕಣ್ಣುಮುಚ್ಚಿ ಣಮೋಕಾರ ಮಂತ್ರ ಹೇಳಿ ಬಾಳೆಹಣ್ಣಿನ ಮೊದಲ ತುಂಡನ್ನು ಬಾಯಿಗಿಟ್ಟಳು. ನಾನು ಉಸಿರು ಬಿಟ್ಟೆ.

ಬಿಟ್ಟ ಉಸಿರು ಪೂರ್ತಿ ಹೊರಗೆ ಹೋಗಿರಲಿಲ್ಲ, ಕರಿ ಕೋಟಿನ ಮ್ಯಾನೇಜರ್ ಎದುರಿಗೆ ನಿಂತಿದ್ದ. ಪಕ್ಕದಲ್ಲಿ ಎದೆಯ ಮೇಲೆ 'ದೀಪಾಲಿ' ಎಂಬ ಪಟ್ಟಿ ಹಚ್ಚಿಕೊಂಡ ಹುಡುಗಿ. ಇದು ಒಬ್ಬ ದೊಡ್ಡ ಸಾಹೇಬರಿಗೆ ಕಾದಿಟ್ಟ ಜಾಗ, ಅವರು ಗೇಟಿಗೆ ಬಂದಾಗಿದೆ, ತಾವು ದಯವಿಟ್ಟು ಎದ್ದು ಆಚೆ ಖುರ್ಚಿಗೆ ಹೋಗಬೇಕು ಎಂದ. ಹಿಂದಿಯಲ್ಲಿ, ಬಹಳ ಸಭ್ಯವಾಗಿ.

ಎದ್ದು! ಎದ್ದರೆ ಊಟ ಮುಗಿಯಿತು. ಎರಡು ದಿನಕ್ಕೆ ಅರ್ಧ ಬಾಳೆಹಣ್ಣು!

ನನ್ನೊಳಗಿನ ಹೋರಾಟಗಾರ ಎದ್ದು ನಿಂತ. ಎಂಥ ಅವಕಾಶ! "ಈ ದೇಶಕ್ಕ ಅನ್ನಾ ಹಾಕೂ ರೈತನ ಹೆಂಡ್ತಿ ಉಣ್ಣೂ ಮುಂದ ಎಬ್ಬಿಸಾವ್ರು ನೀವ್ಯಾರು? ನಾವು ಏಳಂಗಿಲ್ಲ! ಲಾಠಿ ತರ್ರಿ, ಗಾಡಿ ತರ್ರಿ!" ಎಂದು ಮುಷ್ಟಿ ಎತ್ತಿದೆ. ಪೇಪರಿನ ಹಿಂದಿದ್ದ ಹತ್ತು ತಲೆಗಳು ಮೇಲೆದ್ದವು. ಜೈಕಾರ ಬರಬೇಕಾದ ಕಡೆ ಯಾರೋ ಕೆಮ್ಮಿದರು. ಮ್ಯಾನೇಜರನ ಸಭ್ಯತೆ ಆರಿತು. ಸೊಂಟದ ವೈರ್‌ಲೆಸ್ಸಿಗೆ ಕೈಹಾಕಿ, ಬಾಗಿಲ ಕಡೆ ನೋಡಿ ಗಾರ್ಡಿಗೆ ಸನ್ನೆ ಮಾಡಿದ. ಆರೂ ಇಪ್ಪತ್ತಮೂರು.

"ನೀವ ಸುಮ್ಕ ಕುಂಡ್ರಿ!" ಜಿನ್ನವ್ವ ಗದರಿದಳು. "ನಿಮ್ಮ ಭಾಷಣ ಮುಗಿಯೂದ್ರಾಗ ನನ್ನ ಹೊತ್ತ ಮುಳುಗತೈತಿ." ಮತ್ತೆ ಹುಡುಗಿಯ ಕಡೆ ತಿರುಗಿ ಮೆತ್ತಗೆ ಮರಾಠಿ ಶುರುಮಾಡಿದಳು. "ಬಾಳ, ಏಕಾಶನ ಆಹೇ ಮಾಝಂ..." ಎಂದು ತೊಡಗಿ, ನಿನ್ನೆಯ ಉಪವಾಸ, ಬೆಳಗಿನ ಬಸ್ಸು, ವಿಮಾನದ ಹೊಟ್ಟೆ ಸೇರಿದ ಬುತ್ತಿ, ಅದನ್ನು ಸೇರಿಸಿದ ಜಾಣ, ಎಲ್ಲವನ್ನೂ ಎರಡು ನಿಮಿಷದಲ್ಲಿ ಹೇಳಿದಳು. ಜಾಣನ ಕಡೆ ಬೆರಳನ್ನೂ ತೋರಿಸಿದಳು.

ಹುಡುಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮ್ಯಾನೇಜರನ ಕಿವಿಯಲ್ಲಿ ಏನೋ ಊದಿದಳು. ಅವನು ಒಮ್ಮೆ ಖುರ್ಚಿ ನೋಡಿದ, ಒಮ್ಮೆ ಬಾಗಿಲು ನೋಡಿದ. ಅವನ ಕೆಲಸಕ್ಕೂ ಕುತ್ತು ಬಂದಿತ್ತೆನ್ನಿ. ಸಾಹೇಬರ ಜಾಗ ಇದೇ ಎಂದು ಮೇಲಿನಿಂದ ಹುಕುಂ ಆಗಿತ್ತಂತೆ.

ಜಿನ್ನವ್ವ ದ್ರಾಕ್ಷಿ ಅಗಿಯುತ್ತ ಇಬ್ಬರಿಗೂ ದಾರಿ ತೋರಿಸಿದಳು. ಅವರಿಗೆ ಮರಾಠಿಯಲ್ಲಿ ಹೇಳಿದ್ದನ್ನೇ ನನಗೆ ಕನ್ನಡದಲ್ಲಿ ಹೇಳಿದಳು: "ನಾ ಏಳಂಗಿಲ್ಲ. ಖುರ್ಚಿ ಸಮೇತ ಎತ್ತಿ ಇಡ್ತಿದ್ರ ಇಡ್ಲಿ. ಆದ್ರ ಅಲ್ಲೂ ಕಿಟಕಿ ಇರಬೇಕು."

ಕೆಲಸದವರಿಬ್ಬರು ಬಂದು ಹಿಂದಿನ ಎರಡು ಕಾಲು ಹಿಡಿದರು. ಮುಂದಿನ ಒಂದನ್ನು ಮ್ಯಾನೇಜರನೇ ಹಿಡಿದ. ನಾಲ್ಕನೆಯದಕ್ಕೆ ಆಳಿಲ್ಲ. ನಾನು ಬಗ್ಗಿದೆ. "ನೀವ ಬ್ಯಾಡ್ರಿ, ಕೆಡವ್ತೀರಿ. ನೀರ ಆರಸ್ರಿ," ಎಂಬ ಆಜ್ಞೆ ಬಂತು. ಆಕೆ ಕುಡಿಯುವುದು ಕಾಯಿಸಿ ಆರಿಸಿದ ನೀರನ್ನು ಮಾತ್ರ. ಹುಡುಗಿ ಚಹಾದ ಕೆಟಲಿನಿಂದ ತಂದುಕೊಟ್ಟ ಕುದಿನೀರನ್ನು ಲೋಟದಿಂದ ಲೋಟಕ್ಕೆ ಸುರಿಯುತ್ತ ನಿಂತೆ. ಅದನ್ನು ಸೋಸಲು ನನ್ನ ಟವೆಲ್ ಮುಂದೆ ಮಾಡಿದರೆ, "ಅದರಾಗ ಮೂರ ಊರಿನ ಧೂಳ ಐತಿ," ಎಂದು ಜಿನ್ನವ್ವ ಸೊಂಟಕ್ಕೆ ಸಿಗಿಸಿದ್ದ ತನ್ನ ಬಿಳಿ ಅರಿವೆ ಕೊಟ್ಟಳು.

ಅಷ್ಟರಲ್ಲಿ ಸಾಹೇಬರು ಒಳಗೆ ಬಂದರು! ಬೆಳ್ಳಿಕೂದಲು, ಕಿವಿಗೆ ಮೊಬೈಲು. ಹುಡುಗಿ ಹೋಗಿ ವಿಷಯ ಹೇಳಿದಳು. ನಾನು ಮುಷ್ಟಿ ಎತ್ತಲು ಹೋದರೆ ಎರಡೂ ಕೈಯಲ್ಲಿ ಲೋಟ. ಸಾಹೇಬರು ಜಿನ್ನವ್ವನನ್ನು ನೋಡಿದರು, ಕಿಟಕಿಯಾಚೆ ಕೆಂಪಾಗಿದ್ದ ಸೂರ್ಯನನ್ನು ನೋಡಿದರು. ಮೊಬೈಲನ್ನು ಜೇಬಿಗಿಟ್ಟರು. ಕೋಟಿನ ತೋಳು ಮೇಲೇರಿಸಿ, ಬಗ್ಗಿ, ನಾಲ್ಕನೆಯ ಕಾಲನ್ನು ಹಿಡಿದರು.

ಎತ್ತಿದರು! ಜಿನ್ನವ್ವ ಒಮ್ಮೆ ಕಣ್ಣು ಮುಚ್ಚಿ ಏನೋ ಗುನುಗಿ, ಹಾಲಿನ ಲೋಟವನ್ನು ಎದೆಗವಚಿಕೊಂಡು ತೇಲಿದಳು. "ಸಾವಕಾಶ, ಹಾಲ ಚೆಲ್ಲತೈತಿ!"

ಶ್ರೀಮಂತನ ಕೈಯಲ್ಲಿ ರೈತರ ಮರ್ಯಾದೆ ಎತ್ತಿಸಬೇಕೆಂದು ಇಪ್ಪತ್ತೆರಡು ವರ್ಷ ಕೂಗಿದ್ದೇನೆ. ಪ್ರತಿಸಲವೂ ಎತ್ತಿದವರು ಪೊಲೀಸರು, ಎತ್ತಿದ್ದು ನನ್ನನ್ನು, ಒಗೆದದ್ದು ವ್ಯಾನಿಗೆ. ಇವಳು ಒಂದೂ ಘೋಷಣೆ ಕೂಗದೆ, ಗೋಡಂಬಿ ತಿನ್ನುತ್ತ ಆ ಕೆಲಸ ಮುಗಿಸಿಬಿಟ್ಟಳು! ನಾನು ಹಿಂದೆ ಹಿಂದೆ ನೀರು ಆರಿಸುತ್ತ ನಡೆದೆ.

ಹತ್ತು ಹೆಜ್ಜೆ ದೂರದ ಇನ್ನೊಂದು ಕಿಟಕಿಯ ಬಾಜೂ ಖುರ್ಚಿ ಇಳಿಯಿತು. ಆರೂ ಮೂವತ್ತಾರು. ಸೇಬು ಮುಗಿಯಿತು. ಹಾಲು ಮುಗಿಯಿತು. ಇನ್ನು ನೀರು. ಕೊನೆಯ ನೀರು ಕುಡಿಯದೆ ಆಕೆಯ ಊಟ ಪೂರ್ತಿಯಲ್ಲ.

"ಆರ್ತೇನು?"

"ಇನ್ನೂ ಸುಡತೈತಿ."

"ಎತ್ತರದಿಂದ ಸುರವ್ರಿ!"

ತಲೆಯ ಮೇಲಿಂದ ಸುರಿದೆ. ಅರ್ಧ ಲೋಟ ನನ್ನ ಅಂಗಿ ಕುಡಿಯಿತು. ಸೂರ್ಯ ರನ್‌ವೇಯ ಆಚೆಯ ಕಟ್ಟಡಗಳ ತಲೆಯ ಮೇಲೆ ಗದ್ದ ಊರಿದ್ದ. ಮ್ಯಾನೇಜರ್ ಕೈಗಡಿಯಾರ ನೋಡುತ್ತಿದ್ದ. ಪೇಪರು ಓದುವವರೆಲ್ಲ ಪೇಪರು ಬಿಟ್ಟಿದ್ದರು. ಆರೂ ನಲವತ್ತೆರಡಕ್ಕೆ ಲೋಟ ಆಕೆಯ ಕೈಸೇರಿತು. ಒಂದು ಗುಟುಕು. ಎರಡು. ಪೂರಾ. ಕೈಮುಗಿದು ಖುರ್ಚಿಯಿಂದ ಎದ್ದಳು. ಹುಡುಗಿ ಚಪ್ಪಾಳೆ ತಟ್ಟಿಯೇಬಿಟ್ಟಳು. ಸಾಹೇಬರು ಆಕೆಗೆ ನಮಸ್ಕಾರ ಮಾಡಿದರು. ನನ್ನನ್ನು ನೋಡಿ, ಇನ್ನೊಂದು ಲೋಟ ನೀರು ಸಿಗುವುದೇ ಎಂದು ಕೇಳಿದರು.

ಹೋಗಲಿ! ಅತ್ತೆಗೆ ಕೊಟ್ಟ ಮಾತು ಉಳಿದಿತ್ತು. ಆಗ ನೆನಪಾದದ್ದು ನನ್ನ ಹೊಟ್ಟೆ. ಬೆಳಿಗ್ಗೆ ಕೊಲ್ಲಾಪುರದಲ್ಲಿ ತಿಂದ ಒಂದು ಪ್ಲೇಟು ಮಿಸಳ್ ಬಿಟ್ಟರೆ ಏನಿಲ್ಲ. ನೇಮ ನಿಷ್ಠೆ ಎಲ್ಲ ಹೆಂಡತಿಗೆ ವಹಿಸಿಕೊಟ್ಟು ರಾತ್ರಿ ಹನ್ನೆರಡಕ್ಕೂ ಉಂಡು ಬಂದವನು ನಾನು. ಮೂಲೆಯಲ್ಲಿ ಕಟ್ಲೆಟ್ ನನ್ನನ್ನೇ ನೋಡುತ್ತಿತ್ತು. ಪ್ಲೇಟು ಎತ್ತಿಕೊಂಡೆ.

"ಕೆಳಗ ಇಡ್ರಿ."

"ಯಾಕ? ನಂದೇನ ವ್ರತ ಐತಿ?"

"ಐತಿ. ಖುರ್ಚಿ ಎತ್ತೂ ಮುಂದ ನಾ ಕಣ್ಣ ಮುಚ್ಚಿದ್ನಿ, ನೋಡಿದ್ರಿಲ್ಲೋ? ಇದೊಂದ ಊಟಾ ಅಡ್ಡಿ ಇಲ್ದ ಮುಗಸು, ಈಗಿಂದ ನಾಡದ ಬೆಳಗ ಆಗೂತನಾ ಉಪವಾಸ ಅಂತ ಬೇಡಕೊಂಡೇನಿ."

ನನ್ನ ಕಣ್ಣು ತೇವವಾದವು. "ಹುಚ್ಚಿ, ಈ ಜೀವದಾಗ ಮತ್ತ ಉಪವಾಸ ತಡೀತೈತೇನ ನಿನಗ?"

"ನನಗ್ಯಾಕ?" ಎಂದಳು ಜಿನ್ನವ್ವ ಸೆರಗು ಸರಿಮಾಡಿಕೊಳ್ಳುತ್ತ. "ನಿಮ್ಮ ಹೆಸರಲೆ ಬೇಡಕೊಂಡೇನಿ."

ವಿಮಾನದಲ್ಲಿ ಗಗನಸಖಿ ಪನೀರು, ಪುಲಾವು, ಎರಡು ಗುಲಾಬ್ ಜಾಮೂನು ತಂದು ಮೂಗಿನ ಕೆಳಗೆ ಹಿಡಿದಳು. ಜಿನ್ನವ್ವ ನಿದ್ದೆ ಹೋಗಿದ್ದಳು, ಆದರೂ ನನ್ನ ಕೈ ಮುಂದೆ ಬರಲಿಲ್ಲ. ನನ್ನ ಜನ್ಮದಲ್ಲಿ ನಾಲ್ಕು ಸಲ ಆಮರಣ ಉಪವಾಸ ಕೂತಿದ್ದೇನೆ. ನಾಲ್ಕೂ ಬೇಡಿಕೆ ಈಡೇರಿದ ಕೂಡಲೇ ಮುಗಿದಿದ್ದವು. ಈ ಐದನೆಯದು ಶುರುವಾದದ್ದೇ ಬೇಡಿಕೆ ಈಡೇರಿದ್ದಕ್ಕೆ!