ಹೂಕುಂಡ ನಿಯಂತ್ರಣ ಶಾಖೆ

ಮಹಡಿ ಅಜ್ಜಿಯ ಬಾಲ್ಕನಿಯ ಹೂಕುಂಡದಿಂದ ಸುರಿದ ಕೆಸರುನೀರು ನೇರವಾಗಿ ಗುಮಾಸ್ತನ ಬಿಳಿ ಅಂಗಿಯ ಮೇಲೆ ಬಿತ್ತು. ಅವನಿಗಿದ್ದದ್ದು ಅದೊಂದೇ ಒಳ್ಳೆಯ ಅಂಗಿ. ಮರುದಿನವೇ ಬಡ್ತಿಯ ಸಂದರ್ಶನ. ಅದಕ್ಕಾಗಿ ಅವನು ಹದಿನೆಂಟು ವರ್ಷ ಕಾದಿದ್ದ.

"ಹೋಗ್ಲಿ ಬಿಡೀಂದ್ರೆ, ಒಗೆದು ಹಾಕ್ತೀನಿ," ಎಂದಳು ಹೆಂಡತಿ, ಯಾಕೋ ತುಸು ಅವಸರದಲ್ಲಿ.

"ಬಿಡೋದಾ? ಮತ್ತೆ ಸರ್ಕಾರ ಯಾಕಿರೋದು?" ಎಂದವನೇ ಹಳೆಯ ಅಂಗಿ ತೊಟ್ಟು ತಾನು ಕೆಲಸ ಮಾಡುವ ಸರ್ಕಾರಿ ಕಚೇರಿಗೆ ನಡೆದ.

ಆರೋಗ್ಯ ಶಾಖೆಯವರು, "ಇದು ಗಿಡದ ವಿಷಯ," ಎಂದರು. ತೋಟದ ಶಾಖೆಯವರು, "ಬಿದ್ದದ್ದು ಗಿಡವಲ್ಲವಲ್ಲ, ನೀರು," ಎಂದರು. ನೀರಿನ ಶಾಖೆಯವರು, "ನಲ್ಲಿಯಿಂದ ಬಿದ್ದಿದ್ರೆ ನಮ್ದು," ಎಂದು ಕೈ ತೊಳೆದುಕೊಂಡರು. ಕೊನೆಗೆ ಅವನು ಸಾಹೇಬರ ಬಾಗಿಲು ತಟ್ಟಿದ.

"ಈ ಕಟ್ಟಡದ ಶಾಖೆಗಳೆಲ್ಲ ಹುಟ್ಟಿದ್ದೇ ಹೀಗೆ ಕಣಯ್ಯಾ," ಎಂದರು ಸಾಹೇಬರು. "ಒಂದಿನ ನಾಯಿ ಯಾರನ್ನೋ ಕಚ್ತು, ನಾಯಿ ಶಾಖೆ ಬಂತು. ಅದರ ಮೇಲೆ ದೂರು ಬಂತು, ದೂರು ಶಾಖೆ ಬಂತು. ನೀನೂ ಒಂದು ಶುರು ಮಾಡು. ಸಂದರ್ಶನ ಬೇಡ. ಮೊದಲ ಕೇಸು ಮುಗಿಸಿ ಕಡತ ತಂದುಕೊಡು, ಬಡ್ತಿ ನಿಂದೇ."

ಗುಮಾಸ್ತನಿಗೆ ರೆಕ್ಕೆ ಬಂದಂತಾಯಿತು. ಒಂದು ಮೇಜು, ಒಂದು ಮೊಹರು ಸಿಕ್ಕವು. ಮೂರು ಗಂಟೆಯೊಳಗೆ ಇಪ್ಪತ್ತೆರಡು ನಿಯಮ ಬರೆದ. ಯಾರೂ ಬೆರಳು ತೋರಿಸಬಾರದೆಂದು ಕೊನೆಯದನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದ: ಅಧಿಕಾರಿಯ ಮನೆಯವರೇ ತಪ್ಪಿತಸ್ಥರಾದರೆ ನೆರೆಯ ಹಿರಿಯರೊಬ್ಬರು ತೀರ್ಪು ಕೊಡತಕ್ಕದ್ದು.

ಸಂಜೆ ನೋಟಿಸು ಹಿಡಿದು ಎದೆಯುಬ್ಬಿಸಿ ಮಹಡಿ ಹತ್ತಿದ. ಅಜ್ಜಿ ಕನ್ನಡಕ ಏರಿಸಿ, ಇಪ್ಪತ್ತೆರಡು ನಿಯಮಗಳನ್ನೂ ಬಿಡದೆ ಓದಿದಳು.

"ಎಲ್ಲಾ ಸರಿ ಕಣಪ್ಪಾ. ಆದ್ರೆ ಕುಂಡ ನಂದಲ್ವಲ್ಲ. ಕೆಳಗೆ ಬಿಸಿಲು ಬೀಳಲ್ಲ ಅಂತ ನಿನ್ನ ಹೆಂಡ್ತೀನೇ ಇಲ್ಲಿಟ್ಟಿರೋದು. ದಿನಾ ಬೆಳಿಗ್ಗೆ ಬಂದು ನೀರು ಹಾಕೋಳೂ ಅವಳೇ."

ಗುಮಾಸ್ತ ಹಿಂತಿರುಗಿ ನೋಡಿದ. ಮೆಟ್ಟಿಲ ಮೇಲೆ ಹೆಂಡತಿ ನಿಂತಿದ್ದಳು. "ಬೆಳಿಗ್ಗೇನೇ ಹೋಗ್ಲಿ ಬಿಡಿ ಅಂದೆ," ಎಂದಳು.

"ಹಾಗಾದ್ರೆ ತೀರ್ಪು ನಂದು," ಎಂದು ಅಜ್ಜಿ ಕುರ್ಚಿ ಎಳೆದುಕೊಂಡಳು. "ಕುಂಡ ಇಲ್ಲೇ ಇರ್ಲಿ. ನೀರು ಚೆಲ್ಲದ ಹಾಗೆ ಹಾಕೋದು ಹೇಗೆ ಅಂತ ದೂರು ಕೊಟ್ಟೋನೇ ದಿನಾ ಹಾಕಿ ತೋರಿಸ್ಲಿ. ಗಿಡ ಹೂ ಬಿಟ್ಟ ದಿನ ಕಡತಕ್ಕೆ ಸಹಿ ಹಾಕ್ತೀನಿ."

"ಯಾವಾಗ ಬಿಡುತ್ತೆ ಅಜ್ಜೀ?" ಗುಮಾಸ್ತ ಕುಂಡದೊಳಗೆ ಇಣುಕಿದ.

"ನಾಲ್ಕು ವರ್ಷದಿಂದ ಕಾಯ್ತಿದೀವಪ್ಪಾ, ಇನ್ನೂ ಬಿಟ್ಟಿಲ್ಲ."

ತನ್ನದೇ ನಿಯಮ, ಎದುರಾಡುವಂತಿಲ್ಲ. ಗುಮಾಸ್ತ ತಂಬಿಗೆ ಎತ್ತಿಕೊಂಡು, ಒಂದು ಹನಿಯೂ ಚೆಲ್ಲದಂತೆ ಎಚ್ಚರದಿಂದ ನೀರು ಹೊಯ್ದ. ಕುಂಡದ ತಳದಲ್ಲಿ ತೂತಿತ್ತು. ಕೆಳಗೆ ತಂತಿಯ ಮೇಲೆ, ಹೆಂಡತಿ ಆಗಷ್ಟೇ ಒಗೆದು ಹಾಕಿದ್ದ ಬಿಳಿ ಅಂಗಿ ಒಣಗುತ್ತಿತ್ತು.