ಎರಡನೇ ಪುಸ್ತಕದಲ್ಲಿ ಹುಟ್ಟಿದವರು

ಸುಳ್ಳು ಹೇಳುವುದರಲ್ಲಿ ನನಗೆ ಅಭ್ಯಾಸ ಸಾಲದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗೌರಿಬಿದನೂರಿನ ಒಂದು ಅಂಗನವಾಡಿಯಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳ ತೂಕ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಾ ಬಂದಿರುವವಳು ನಾನು. ಮಗುವಿನ ಸೊಂಟದಲ್ಲಿ ಬೆಳ್ಳಿಯ ಉಡಿದಾರ ಇದ್ದರೆ ಬಿಚ್ಚಿಸಿಯೇ ತಕ್ಕಡಿಗೆ ಹಾಕುತ್ತೇನೆ. ಬಿಚ್ಚಲು ಅಜ್ಜಿಯರು ಒಪ್ಪದಿದ್ದರೆ ಅಂದಾಜಿನ ಮೇಲೆ ಕಳೆದು, ಪಕ್ಕದಲ್ಲಿ 'ಉಡಿದಾರ ಕಳೆದು' ಎಂದು ಸಣ್ಣಕ್ಷರದಲ್ಲಿ ಬರೆಯುತ್ತೇನೆ. ತಪಾಸಣೆಗೆ ಬಂದ ಮೇಲ್ವಿಚಾರಕಿ "ಇಷ್ಟೆಲ್ಲಾ ಯಾರು ಕೇಳಿದ್ರು ಟೀಚರ್?" ಎಂದು ನಕ್ಕದ್ದುಂಟು. ಯಾರೂ ಕೇಳಿಲ್ಲ. ಆದರೆ ಬರೆಯದೆ ಹೋದರೆ ಅವತ್ತು ನನಗೆ ಅನ್ನ ಸೇರುವುದಿಲ್ಲ. ಇಂಥ ನಾನು ನಲವತ್ತೇಳನೆಯ ವಯಸ್ಸಿನಲ್ಲಿ ಸುಳ್ಳು ಹೇಳಲು ಶುರುಮಾಡಿದಾಗ ಏನು ಮಾಡಿದೆ ಗೊತ್ತೆ? ಸುಳ್ಳಿಗೂ ಒಂದು ರಿಜಿಸ್ಟರ್ ಇಟ್ಟೆ.

ಇದಕ್ಕೆಲ್ಲ ಕಾರಣ ಒಂದು ಕಂಪ್ಯೂಟರ್ ಆಟ. ನನ್ನ ತಮ್ಮ ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ನಮ್ಮ ಮಗಳು ಶೈಲಾಗೆ ಕೊಟ್ಟಿದ್ದ. ಅವಳಾಗ ಪಿಯುಸಿ. ಯಾವುದೋ ಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿ ಈ ಆಟವಿತ್ತು. ಇದರಲ್ಲಿ ಗುಂಡು ಹೊಡೆಯುವುದಿಲ್ಲ, ಕಾರು ಓಡಿಸುವುದಿಲ್ಲ, ಗೆಲ್ಲುವುದಂತೂ ಇಲ್ಲವೇ ಇಲ್ಲ. ಮೈತುಂಬಾ ಕೂದಲಿರುವ, ಅಗಲ ಕಣ್ಣಿನ ಪುಟ್ಟ ಪ್ರಾಣಿಗಳು ಮೊಟ್ಟೆಯೊಡೆದು ಹೊರಗೆ ಬರುತ್ತವೆ. ಅವಕ್ಕೆ ತಿನ್ನಲು ಕಲಿಸಬೇಕು, ಮಾತು ಕಲಿಸಬೇಕು, ಒಳ್ಳೆಯದು ಮಾಡಿದರೆ ಮೌಸಿನಲ್ಲಿ ನೇವರಿಸಬೇಕು. ಅವು ದೊಡ್ಡವಾಗಿ, ಮೊಟ್ಟೆಯಿಟ್ಟು, ಮುದಿಯಾಗಿ ಹೋಗಿಬಿಡುತ್ತವೆ. "ಇದೇನೇ, ಅಂಗನವಾಡಿ ಮನೆಗೇ ಬಂತಲ್ಲ" ಎಂದೆ. ಹದಿನೈದು ದಿನದಲ್ಲಿ ಹುಟ್ಟಿದ ಪ್ರತಿ ಮರಿಯ ಹೆಸರು, ತಾಯಿ, ತಂದೆ, ಮೊದಲು ಏನು ತಿಂದಿತು ಎಂಬುದನ್ನೆಲ್ಲ ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯತೊಡಗಿದ್ದೆ.

ನನಗಿಂತ ಹೆಚ್ಚು ಮರುಳಾದವರು ನಮ್ಮತ್ತೆ. ಅವರು ಹಿಂದೂಪುರದ ಕಡೆಯವರು, ಖುಷಿಯಾದರೆ ಬಾಯಲ್ಲಿ ತೆಲುಗೇ ಬರುವುದು. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಮೂಗು ಯಾರದು, ಕಿವಿ ಯಾರದು ಎಂದು ತೀರ್ಪು ಕೊಡುವವರು ಅವರೇ. ಬೀಗರ ಎರಡೂ ಕಡೆಯವರು ಉಸಿರು ಬಿಗಿಹಿಡಿದು ಕಾಯುತ್ತಾರೆ. ಪರದೆಯಲ್ಲಿ ಮೊಟ್ಟೆಯೊಡೆದ ತಕ್ಷಣ ಅತ್ತೆ ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಮೇಲೇರಿಸಿ, "ಅಚ್ಚಂ ವಾಳ್ಳ ನಾಯನೇ!" ಎನ್ನುತ್ತಿದ್ದರು. ಥೇಟ್ ಅವರಪ್ಪನೇ ಅಂತ. ಒಮ್ಮೆ ಮಾತ್ರ ತಬ್ಬಿಬ್ಬಾದರು. "ಈ ಕಿವಿ ಯಾರದೂ ಅಲ್ವಲ್ಲೇ! ಎಲ್ಲಿಂದ ತಂತು?" ಪರದೆಯ ಮೂಲೆಯಲ್ಲಿ ಬರುವ ಜನನದ ಚೀಟಿ ನೋಡಿ ಶೈಲಾ ಕುಣಿದಾಡಿಬಿಟ್ಟಳು. "ಅಜ್ಜಿ, ಮ್ಯುಟೇಶನ್! ಅಪ್ಪನಲ್ಲೂ ಇಲ್ಲ, ಅಮ್ಮನಲ್ಲೂ ಇಲ್ಲ, ಹೊಸದು!"

ಹಾಗಂದರೆ ಏನೆಂದು ನನಗೆ ನನ್ನ ಭಾಷೆಯಲ್ಲೇ ಹೇಳಿಕೊಟ್ಟಳು. "ನೀನು ಒಂದು ರಿಜಿಸ್ಟರ್ ನೋಡ್ಕೊಂಡು ಇನ್ನೊಂದಕ್ಕೆ ಕಾಪಿ ಮಾಡ್ತೀಯಲ್ಲಮ್ಮ, ಎಲ್ಲೋ ಒಂದ್ಕಡೆ ಆರು ಹೋಗಿ ಒಂಬತ್ತಾಗತ್ತೆ. ಮರಿ ಹುಟ್ಟೋವಾಗ್ಲೂ ಹಂಗೇ, ಕಾಪಿಯಲ್ಲಿ ತಪ್ಪಾಗತ್ತೆ."

"ನನ್ನ ರಿಜಿಸ್ಟರಲ್ಲಿ ಆರು ಒಂಬತ್ತಾಗಲ್ಲ."

"ಅದಕ್ಕೇ ನಿನ್ನ ರಿಜಿಸ್ಟರಲ್ಲಿ ಹೊಸದೇನೂ ಹುಟ್ಟಲ್ಲ."

ಆ ಮಾತು ನನಗೆ ಚುಚ್ಚಿತು. ಆಗ ಚುಚ್ಚಿದ್ದು ಮುಂದೆ ಕೆಲಸಕ್ಕೆ ಬಂತು.

ಮರುವರ್ಷ ಶೈಲಾ ರೇಷ್ಮೆ ವಿಷಯ ಓದಲು ಚಿಂತಾಮಣಿಯ ಹಾಸ್ಟೆಲಿಗೆ ಹೋದಳು. ಚಿಂತಾಮಣಿ ಏನು ಮಹಾ ದೂರ! ಇಲ್ಲಿ ಬಸ್ಸು ಹತ್ತಿದರೆ ಮಂಚೇನಹಳ್ಳಿ ದಾಟಿ ಚಿಕ್ಕಬಳ್ಳಾಪುರ, ಅಲ್ಲಿ ಇನ್ನೊಂದು ಬಸ್ಸು ಹಿಡಿದರೆ ಶಿಡ್ಲಘಟ್ಟದ ಮೇಲೆ ಚಿಂತಾಮಣಿ. ಎರಡೇ ಬಸ್ಸು. ಮಕ್ಕಳನ್ನು ದುಬೈಗೆ ಕಳಿಸಿ ನಗುನಗುತ್ತಾ ಇರುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಎರಡು ಬಸ್ಸಿನ ದೂರಕ್ಕೆ ಅಳುವುದು ನನಗೇ ನಾಚಿಕೆಯಾಗಿ, ಈರುಳ್ಳಿ ಹೆಚ್ಚುವ ಕೆಲಸವನ್ನೆಲ್ಲ ನಾನೇ ವಹಿಸಿಕೊಂಡೆ. ಒಂದು ವಾರ ನಮ್ಮ ಮನೆಯಲ್ಲಿ ಬರೀ ಈರುಳ್ಳಿ ಗೊಜ್ಜು. ನಮ್ಮ ಮನೆಯವರು ಪಾಪ, ಗೊಣಗದೆ ತಿಂದರು.

ಹೋಗುವಾಗ "ಮರಿಗಳನ್ನ ನೋಡ್ಕೊಳಮ್ಮ" ಎಂದಿದ್ದಳು. ನೋಡಿಕೊಂಡೆ. ಅವಕ್ಕೆ ಇಂಗ್ಲಿಷಿನಲ್ಲಿ ಅವಳು ಕಲಿಸಿದ್ದ ಮಾತುಗಳನ್ನು ಬಿಡಿಸಿ, ಕೀಲಿಮಣೆಯ ಅಕ್ಷರ ಒಂದೊಂದೇ ಹುಡುಕಿ ಒತ್ತಿ, 'ತಿನ್ನು', 'ಬಾ', 'ಮಲಗು' ಕಲಿಸಿದೆ. ಕಂಪ್ಯೂಟರ್ ಆರಿಸಿದರೆ ಅವುಗಳ ಲೋಕ ಇದ್ದಲ್ಲೇ ನಿಂತುಬಿಡುತ್ತದೆ. ಮತ್ತೆ ಹಚ್ಚುವವರೆಗೆ ಅಲ್ಲಿ ಯಾರಿಗೂ ಹಸಿವಿಲ್ಲ, ಯಾರೂ ಬೆಳೆಯುವುದಿಲ್ಲ, ಯಾರೂ ಎಲ್ಲಿಗೂ ಹೋಗುವುದಿಲ್ಲ. ಕರೆಂಟು ಹೋದಾಗ ಬೀದಿಯವರೆಲ್ಲ ಬೈಯುತ್ತಿದ್ದರೆ, ನಾನು ಕಪ್ಪಾದ ಪರದೆಯ ಮುಂದೆ ಕೂತು ಇಂಥದೊಂದು ಸ್ವಿಚ್ಚು ನಮಗೂ ಇದ್ದಿದ್ದರೆ ಯಾವ ವರ್ಷದಲ್ಲಿ ಆರಿಸುತ್ತಿದ್ದೆ ಎಂದು ಲೆಕ್ಕ ಹಾಕುತ್ತಿದ್ದೆ. ಶೈಲಾ ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಎರಡು ಜಡೆ ಹಾಕಿಸಿಕೊಳ್ಳುತ್ತಿದ್ದಾಗ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳ ಫೋನು ಬರುತ್ತಿತ್ತು. ಒಂಬತ್ತೂವರೆಗೇ ನಾನು ಫೋನಿನ ಪಕ್ಕ ಕೂತು ಸೊಪ್ಪು ಬಿಡಿಸಲು ಶುರುಮಾಡುತ್ತಿದ್ದೆ.

"ಊಟ ತಿಂಡಿ ಸರಿಯಾಗಿ ಮಾಡ್ತಿದೀಯೇನಮ್ಮ?"

"ಮಾಡ್ತಿದೀನಮ್ಮ."

"ಏನು ತಿಂದೆ?"

"ಅದೇ, ಎಲ್ಲಾ."

"ನಿದ್ದೆ?"

"ಬರತ್ತಮ್ಮ. ಸರಿ, ಇಡ್ಲಾ?"

ಎರಡು ನಿಮಿಷ. ಬಿಡಿಸಿದ ಸೊಪ್ಪು ಅರ್ಧ ಕಟ್ಟೂ ಆಗಿರುತ್ತಿರಲಿಲ್ಲ. ಹಾಗಿರುವಾಗ ಒಂದು ಭಾನುವಾರ, "ಚೆಲುವಿಗೂ ಗುಂಡನಿಗೂ ಒಂದು ಮರಿ ಆಯ್ತು, ಮೂಗು ಬೇರೆ ಥರ ಇದೆ, ಚೀಟಿಯಲ್ಲಿ ಬದಲಾವಣೆ ಎರಡು ಅಂತ ಬಂದಿದೆ" ಎಂದೆ. ಆ ಕಡೆ ಧ್ವನಿಯೇ ಬದಲಾಯಿತು. ಅವಳಿಗೆ ಆ ವರ್ಷ ಅನುವಂಶದ ಪಾಠ ಇತ್ತಂತೆ. ಯಾವ ಬಣ್ಣ, ಗಂಡೋ ಹೆಣ್ಣೋ, ಅಜ್ಜಿ ಏನಂದ್ರು? ಹದಿನೆಂಟು ನಿಮಿಷ! ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತಿ ಗಡಿಯಾರ ನೋಡಿ ಹೇಳಿದರು. ಅಷ್ಟರಲ್ಲಿ ನಾಲ್ಕು ಕಟ್ಟು ಸೊಪ್ಪು ಬಿಡಿಸಿಯಾಗಿತ್ತು.

ಮುಂದಿನ ವಾರ ಮೂರು ಮರಿ ಹುಟ್ಟಿದವು. ಮೂರೂ ಥೇಟ್ ಅಪ್ಪ ಅಮ್ಮನ ಹಾಗೇ. ಕಾಪಿಯಲ್ಲಿ ಒಂದು ಸೊನ್ನೆಯೂ ತಪ್ಪಿರಲಿಲ್ಲ. ಅಷ್ಟು ಚೊಕ್ಕವಾದ ಮಕ್ಕಳನ್ನು ಕಂಡು ಜೀವನದಲ್ಲಿ ಮೊದಲ ಸಲ ನನಗೆ ಸಿಟ್ಟು ಬಂತು. ಫೋನು ಬಂತು. ಊಟ ಆಯ್ತಾ, ಆಯ್ತು. ಇಡ್ಲಾ ಎನ್ನುವ ಹೊತ್ತಿಗೆ ನನ್ನ ಬಾಯಿಂದ ತಾನೇ ತಾನಾಗಿ ಹೊರಟಿತು: "ಬೆನ್ನ ಮೇಲೆ ಮೂರು ಪಟ್ಟೆ ಇರೋದೊಂದು ಹುಟ್ಟಿದೆ ಕಣೇ."

ಒಂದು ಸುಳ್ಳು ಹೇಳಿ ಸುಮ್ಮನಿರಬಹುದು ಎಂದುಕೊಂಡಿದ್ದೆ. ಅನುವಂಶ ಓದುವವಳ ಹತ್ತಿರ ಅದು ಸಾಧ್ಯವಿಲ್ಲ. "ಅದಕ್ಕೆ ಮರಿ ಆದ್ರೆ ಪಟ್ಟೆ ಬರತ್ತಾ ನೋಡಮ್ಮ" ಎಂದಳು. ಬಾಯಲ್ಲೇ ಮರಿ ಮಾಡಿಸಿದೆ. ಎರಡಕ್ಕೆ ಪಟ್ಟೆ ಕೊಟ್ಟೆ, ಒಂದಕ್ಕೆ ಕೊಡಲಿಲ್ಲ. ನೀರು ಕಂಡರೆ ಹಾಡುವುದೊಂದು ಹುಟ್ಟಿತು. ಹಿಂದಕ್ಕೆ ನಡೆಯುವುದೊಂದು ಹುಟ್ಟಿತು. ಒಂದು ಸಲ ಪಟ್ಟೆಯನ್ನು ಬಾಲದ ಮೇಲೆ ಹಾಕಿಬಿಟ್ಟು, "ಹೋದ್ವಾರ ಬೆನ್ನು ಅಂದಿದ್ದೆ?" ಎಂದು ಅವಳು ಕೇಳಿದಾಗ ಸಿಕ್ಕಿಬಿದ್ದೆ. ಅವತ್ತೇ ಎರಡನೇ ನೋಟ್‌ಬುಕ್ ಶುರುವಾಯಿತು. ಮೊದಲನೆಯದರಲ್ಲಿ ಇಲ್ಲದ್ದನ್ನು ಬರೆಯಲು ಕೈ ಬರಲಿಲ್ಲ. ಎರಡನೆಯದರಲ್ಲಿ ನನ್ನ ಪಟ್ಟೆ ವಂಶ ಮೊಮ್ಮಕ್ಕಳವರೆಗೆ ಬೆಳೆಯಿತು. ಎಲ್ಲವೂ ಆರೋಗ್ಯ, ಎಲ್ಲವೂ ದುಂಡದುಂಡಗೆ. "ಅದ್ಯಾವುದೇ ಪಟ್ಟೇದು? ನಂಗೆ ತೋರಿಸ್ಲೇ ಇಲ್ಲ!" ಎಂದು ಅತ್ತೆ ಕೇಳಿದಾಗೆಲ್ಲ ಮಲಗಿದೆ ಎನ್ನುತ್ತಿದ್ದೆ.

ಇದರ ನಡುವೆ ನಿಜವಾಗಿಯೂ ಒಂದು ಹುಟ್ಟಿತು. ಚೀಟಿಯಲ್ಲಿ ಬದಲಾವಣೆ ಒಂದು ಎಂದಿತ್ತು. ಕಿವಿ ಮೂಗು ಎಲ್ಲ ಸರಿಯಾಗಿಯೇ ಇತ್ತು. ಪುಟ್ಟಿ ಎಂದು ಹೆಸರಿಟ್ಟೆ. ಎರಡು ದಿನ ನೋಡಿದ ಮೇಲೆ ತಿಳಿಯಿತು, ಅದಕ್ಕೆ ಹಸಿವೇ ಗೊತ್ತಾಗುವುದಿಲ್ಲ. ಉಳಿದವು ಹಣ್ಣು ಕಂಡರೆ ಮುಗಿಬೀಳುತ್ತಿದ್ದರೆ ಇದು ಹಣ್ಣಿನ ರಾಶಿಯ ಪಕ್ಕದಲ್ಲಿ ಕೂತು ನನ್ನ ಕಡೆ ನೋಡುತ್ತಿತ್ತು. ಬಳಲಿ ಬಳಲಿ ಬಿದ್ದರೂ ತಿನ್ನಬೇಕೆಂದು ಹೊಳೆಯುತ್ತಿರಲಿಲ್ಲ. ಊಟ ಮಾಡಿಸುವುದೇ ಕಸುಬಾದವಳ ಮನೆಯಲ್ಲಿ ಇಂಥದ್ದು ಹುಟ್ಟಬೇಕೆ? ಹಣ್ಣನ್ನು ಅದರ ಬಾಯಿಯ ಮುಂದಿಟ್ಟು 'ತಿನ್ನು' ಎಂದು ಒತ್ತಿ, ಕಚ್ಚಿದರೆ ನೇವರಿಸಿ, ಮತ್ತೆ 'ತಿನ್ನು'. ಬೆಳಿಗ್ಗೆ ಅಂಗನವಾಡಿಗೆ ಹೊರಡುವ ಮುಂಚೆ ಒಮ್ಮೆ, ಸಂಜೆ ಬಂದು ಒಮ್ಮೆ. ನಡುವೆ ಕಂಪ್ಯೂಟರ್ ಆರಿಸಿ ಹೋಗುತ್ತಿದ್ದೆ, ಇಲ್ಲದಿದ್ದರೆ ಉಳಿಯುತ್ತಿರಲಿಲ್ಲ. ಇದು ನಿಜವಾದ ಬದಲಾವಣೆ. ಶೈಲಾಗೆ ಹೇಳಿದ್ದರೆ ಅರ್ಧ ಗಂಟೆ ಫೋನಿಗೆ ಅಂಟಿಕೊಂಡಿರುತ್ತಿದ್ದಳು. ಹೇಳಲಿಲ್ಲ. ದೂರದಲ್ಲಿರುವವರಿಗೆ ಫೋನಿನಲ್ಲಿ ಹೇಳುವ ಸುದ್ದಿಯೇ ಅದು?

ಸಂಕ್ರಾಂತಿಗೆ ಮುಂಚಿನ ಭಾನುವಾರ ಶೈಲಾಳೇ ಹೇಳಿದಳು. "ಅಮ್ಮ, ಪಟ್ಟೇದರ ವಿಷ್ಯ ನಮ್ ಮೇಡಂಗೆ ಹೇಳ್ದೆ. ಕ್ಲಾಸಲ್ಲಿ ಅದರ ಮೇಲೇ ಸೆಮಿನಾರ್ ಕೊಡು ಅಂದ್ರು. ಶನಿವಾರ ಬಂದು ಫ್ಲಾಪಿಗೆ ಹಾಕ್ಕೊಂಡು ಹೋಗ್ತೀನಿ."

ದೀಪಾವಳಿಗೂ ಬಾರದ ಮಗಳು ಬರುತ್ತಾಳೆ. ಇಲ್ಲದ ಮರಿಯನ್ನು ನೋಡಲು ಬರುತ್ತಾಳೆ. ಆ ವಾರ ಅವರೆಕಾಯಿ ಸುಲಿದು, ಕಾಳು ನೆನೆಹಾಕಿ, ಹಿದುಕಿ ಹಿದುಕಿ ನನ್ನ ಹೆಬ್ಬೆರಳು ಮರಗಟ್ಟಿತು. ನಡುನಡುವೆ ಓಡಿಹೋಗಿ ಇರುವ ಮೊಟ್ಟೆಗಳನ್ನೆಲ್ಲ ಒಡೆಯುವವರೆಗೆ ಕಾದು, "ಒಂದೇ ಒಂದು ಪಟ್ಟೆ ಕೊಡಪ್ಪ" ಎಂದು ಬೇಡಿಕೊಂಡೆ. ಎಲ್ಲವೂ ನುಣ್ಣಗೆ ಹುಟ್ಟಿದವು.

ಶನಿವಾರ ಮಧ್ಯಾಹ್ನ ಬಂದಳು. ಬಾಗಿಲಲ್ಲೇ ನನ್ನ ಕಣ್ಣು ತಕ್ಕಡಿಯಾಯಿತು. ಕೈಗಡಿಯಾರ ಮೊಣಕೈವರೆಗೆ ಜಾರಿ ಓಡಾಡುತ್ತಿತ್ತು. ಮೂರೂವರೆ ಕೆಜಿ ಇಳಿದಿದ್ದಾಳೆ, ಉಡಿದಾರ ಕಳೆದು. ನಾನು ಬಾಯಿ ತೆರೆಯುವ ಮುಂಚೆ ಅವಳು ಕಂಪ್ಯೂಟರ್ ಮುಂದೆ ಕೂತಾಗಿತ್ತು. ಬೇಡದ ಹೊತ್ತಿನಲ್ಲೆಲ್ಲ ಹೋಗುವ ಕರೆಂಟು ಅವತ್ತು ಗಟ್ಟಿಯಾಗಿ ಕೂತಿತ್ತು.

"ಎಲ್ಲಮ್ಮ ಪಟ್ಟೇದು?"

ನಾನು ಸಾರಿನ ಕಡೆ ನೋಡಿದೆ. ಉತ್ತರ ಅತ್ತೆಯಿಂದ ಬಂತು. "ಅದು ನಿಮ್ಮಮ್ಮನ ಫೋನಲ್ಲಿ ಮಾತ್ರ ಕಾಣತ್ತೆ ಕಣಮ್ಮ."

ನಾನು ಹೋಗಿ ಎರಡನೇ ಪುಸ್ತಕ ತಂದು ಅವಳ ಕೈಗಿಟ್ಟೆ. ಪುಟ ತಿರುಗಿಸಿದಳು. ಗೆರೆ ಎಳೆದು, ತಾರೀಖು ಹಾಕಿ, ತಾಯಿ ತಂದೆ ಹೆಸರು ಸಮೇತ ಮೂವತ್ತೊಂದು ಜನನ. "ಹಿಂದಕ್ಕೆ ನಡೆಯೋದೂ ಸುಳ್ಳಾ?" ಹೌದೆಂದು ತಲೆಯಾಡಿಸಿದೆ. "ನೀರು ಕಂಡ್ರೆ ಹಾಡೋದು?" ಅದೂ. "ಮೇಡಂಗೆ ಏನಂತ ಹೇಳ್ಲಿ ನಾನು? ನಮ್ಮಮ್ಮ ಕತೆ ಕಟ್ಟಿದ್ರು ಅಂತಲಾ?" ಕಣ್ಣಲ್ಲಿ ನೀರಿತ್ತು, ಸಿಟ್ಟಿನದು.

"ಇನ್ನೇನು ಮಾಡ್ಲಿ? ಹೊಸದು ಹುಟ್ಟಿದ್ರೆ ಹದಿನೆಂಟು ನಿಮಿಷ, ಹುಟ್ಟದಿದ್ರೆ ಎರಡೇ ನಿಮಿಷ" ಎಂದೆ.

ಅವಳು ಪುಸ್ತಕ ಮುಚ್ಚಿದಳು. ಪರದೆಯನ್ನೇ ನೋಡುತ್ತಿದ್ದವಳು ಮೆಲ್ಲಗೆ ಕೇಳಿದಳು. "ಇದ್ಯಾಕಮ್ಮ, ಹಣ್ಣಿನ ಪಕ್ಕದಲ್ಲೇ ಕೂತಿದೆ, ತಿಂತಾ ಇಲ್ಲ?"

ಪುಟ್ಟಿಯ ವಿಷಯ ಹೇಳಿದೆ. ಎರಡು ಹೊತ್ತು ತಿನ್ನಿಸುವುದನ್ನೂ ಹೇಳಿದೆ. ಶೈಲಾ ಕುರ್ಚಿಯಿಂದ ಎದ್ದೇಬಿಟ್ಟಳು. "ಇದು ನಿಜವಾದ ಮ್ಯುಟೇಶನ್ ಅಲ್ವಾ! ಇದನ್ನ ಯಾಕೆ ಹೇಳ್ಲಿಲ್ಲ?"

"ನೀನು ಅಲ್ಲಿ ಒಬ್ಬಳೇ ಕೂತು ಯೋಚನೆ ಮಾಡ್ತೀಯ ಅಂತ."

ಅವಳು ಮತ್ತೆ ಕುರ್ಚಿಯಲ್ಲಿ ಕೂತಳು. "ನಾನೂ ಅದಕ್ಕೇ ಹೇಳ್ಲಿಲ್ಲ. ಹಸಿವೇ ಆಗಲ್ಲಮ್ಮ ಅಲ್ಲಿ. ತಟ್ಟೆ ಮುಂದೆ ಕೂತ್ರೆ ಮನೆ ನೆನಪಾಗತ್ತೆ, ಎದ್ದು ಹೋಗ್ಬಿಡ್ತೀನಿ." ಭಾನುವಾರ ಭಾನುವಾರ ತಿಂದ 'ಅದೇ, ಎಲ್ಲಾ' ಎಂಬುದು ಅವಳ ಎರಡನೇ ಪುಸ್ತಕ.

ಅತ್ತೆ ನಮ್ಮಿಬ್ಬರನ್ನೂ ಕನ್ನಡಕ ಏರಿಸಿ ನೋಡಿದರು. "ಅಚ್ಚಂ ವಾಳ್ಳಮ್ಮೇ" ಎಂದು ತೀರ್ಪು ಕೊಟ್ಟರು. ಕಾಪಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಅವತ್ತು ಹಿದಕಿದ ಬೇಳೆ ಸಾರಿನಲ್ಲಿ ಎರಡು ಮುದ್ದೆ ನುಂಗಿದಳು. 'ತಿನ್ನು' ಎಂದು ನಾನು ಒತ್ತಲಿಲ್ಲ, ಆದರೆ ಬಡಿಸುವ ನೆಪದಲ್ಲಿ ಎರಡು ಸಲ ತಲೆ ನೇವರಿಸಿದ್ದು ನಿಜ. ಭಾನುವಾರ ಪುಟ್ಟಿಯನ್ನು ಫ್ಲಾಪಿಗೆ ಇಳಿಸಿಕೊಂಡಳು. ಆ ಆಟದಲ್ಲಿ ಒಂದು ಕಡೆಯಿಂದ ಹೋದರೆ ಹೋಯಿತು, ಎರಡು ಕಡೆ ಇರುವ ಹಾಗಿಲ್ಲ. "ಹಾಸ್ಟೆಲಲ್ಲಿ ಇದಕ್ಕೆ ತಿನ್ನಿಸೋರು ಯಾರೇ?" ಎಂದೆ. ಮೇಡಂ ಕೋಣೆಯ ಕಂಪ್ಯೂಟರಿನಲ್ಲಿ ಇಟ್ಟು ದಿನಾ ತಾನೇ ತಿನ್ನಿಸುತ್ತೇನೆ ಎಂದಳು. ನೀನು ಉಂಡು ಆಮೇಲೆ ಅದಕ್ಕೆ ಎಂದು ಮಾತು ತೆಗೆದುಕೊಂಡೆ. ಫ್ಲಾಪಿಯನ್ನು ಚಕ್ಕುಲಿ ಡಬ್ಬಿಯೊಳಗೆ ಇಡಲು ಹೋದಾಗ ಬೈದಳು. ಚಿಕ್ಕಬಳ್ಳಾಪುರದ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ಮನೆಗೆ ಬಂದು ಅಭ್ಯಾಸಬಲದಿಂದ ಕಂಪ್ಯೂಟರ್ ಹಚ್ಚಿದೆ. ಹಣ್ಣಿನ ರಾಶಿಯ ಪಕ್ಕ ಯಾರೂ ಕೂತಿರಲಿಲ್ಲ.

ಮುಂದಿನ ಭಾನುವಾರ ಹತ್ತಕ್ಕೆ ಸರಿಯಾಗಿ ಫೋನು ಬಂತು. ಸೆಮಿನಾರಿನಲ್ಲಿ ಎಲ್ಲರೂ ಪುಟ್ಟಿಯನ್ನು ನೋಡಲು ಮುಗಿಬಿದ್ದರಂತೆ. ಪುಟ್ಟಿ ದಿನಾ ಹಣ್ಣು ತಿನ್ನುತ್ತಿದೆಯಂತೆ. "ನೀನು?" ಎಂದೆ. "ನಿನ್ನೆ ಮೂರು ಚಪಾತಿ, ಅನ್ನ, ಪಲ್ಯ ಎರಡು ಸಲ ಹಾಕಿಸ್ಕೊಂಡೆ" ಎಂದಳು. ಆಮೇಲೆ ಅವಳೇ ಕೇಳಿದಳು. "ಅಮ್ಮ, ನಿಂಗೆ ಅಲ್ಲಿ ಬೇಜಾರಾಗತ್ತಾ?"

"ಬೇಜಾರು ಮಾಡ್ಕೊಳಕ್ಕೆ ನಂಗೆಲ್ಲಮ್ಮ ಪುರುಸೊತ್ತು?" ಎಂದೆ.

ಫೋನಿಟ್ಟು ಎರಡೂ ಪುಸ್ತಕ ಮುಂದಿಟ್ಟುಕೊಂಡೆ. ಮೂರು ಚಪಾತಿ, ಅನ್ನ, ಪಲ್ಯ ಎರಡು ಸಲ. ಯಾವುದರಲ್ಲಿ ಬರೆಯಬೇಕೆಂದು ಸ್ವಲ್ಪ ಹೊತ್ತು ಪೆನ್ನು ಹಿಡಿದು ಯೋಚಿಸಿ, ಕೊನೆಗೆ ಎರಡನೆಯದರಲ್ಲಿ ಬರೆದೆ. ರಿಜಿಸ್ಟರಿನ ವಿಷಯದಲ್ಲಿ ನಾನು ಕಟ್ಟುನಿಟ್ಟು, ತೂಗಿ ನೋಡದ್ದು ಮೊದಲನೆಯದಕ್ಕೆ ಹೋಗುವುದಿಲ್ಲ. ಅದರ ಕೆಳಗಿನ ಗೆರೆಯಲ್ಲಿ, ಬೇಜಾರಿಗೆ ಪುರುಸೊತ್ತಿಲ್ಲ ಎಂದು ನಾನು ಹೇಳಿದ ಉತ್ತರವನ್ನೂ ಬರೆದುಕೊಂಡೆ.